ಹೆದರಿಕೆಯನ್ನು ಗದರಿಸದವರಿಗೆ

ಕಳೆದ ಭಾನುವಾರ ಸರ್ಜಾಪುರದ ಹತ್ತಿರ ನಡೆದ ಶೋ ಜಂಪಿಂಗ್, ಅಂದರೆ ಕುದುರೆ ಸವಾರರು ಅಡ್ಡಗಂಬಗಳನ್ನು ಹಾರಿಸುವ ಸ್ಪರ್ಧೆಯನ್ನು ಮೊದಲಿನಿಂದ ಕೊನೆವರೆಗೂ ಕೂತು ನೋಡಿ ಬಂದೆ. ಹೊಸೂರಿನ ನಮ್ಮ ನೆಂಟರಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ ಗೊತ್ತು. ಉಳಿದವರಿಗೆ ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ, ಚಂದ್ರಚೂಡೇಶ್ವರನ ತೇರಿನ ದಿನ, ಜನದ ಮಧ್ಯೆ ಬೆದರಿದ ಕುದುರೆಯೊಂದು ಅಪ್ಪನನ್ನು ಕೆಡವಿತು. ಅವರ ಕಾಲು ಮುರಿಯಿತು. ಅಂದಿನಿಂದ ಗೊರಸಿನ ಸದ್ದು ಕೇಳಿದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಮದುವೆ ಮೆರವಣಿಗೆಯಲ್ಲಿ ಕುದುರೆ ಕಂಡರೆ ಬೇರೆ ಬೀದಿ ಹಿಡಿಯುತ್ತೇನೆ.

ನಮ್ಮ ಕಡೆಗೂ ಕುದುರೆಗೂ ಹಳೆ ನಂಟಿದೆ. ಮತ್ತಿಗಿರಿಯ ಜಾನುವಾರು ಫಾರಂ ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಒದಗಿಸುತ್ತಿದ್ದ ಜಾಗ. ಆದರೆ ನಮ್ಮ ಮನೆಗೆ ಕುದುರೆಯ ಮಾತು ಬಂದಿದ್ದು ಅಕ್ಕನ ಮಗಳಿಂದ. 2018ರ ಏಷ್ಯನ್ ಗೇಮ್ಸ್‌ನ ಈವೆಂಟಿಂಗ್ ಅನ್ನುವ ಕುದುರೆ ಸವಾರಿ ಸ್ಪರ್ಧೆಯಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದರಲ್ಲ, ಅದನ್ನು ಟಿವಿಯಲ್ಲಿ ನೋಡಿ ಹಟ ಹಿಡಿದವಳು ಅವಳು. ಪ್ರತಿ ಸ್ಪರ್ಧೆಗೂ 'ಚಿಕ್ಕಮ್ಮಾ, ಬರ್ತೀರಾ?' ಅಂತ ಕೇಳುತ್ತಿದ್ದಳು. ನಾನು ಇಲ್ಲ ಅಂದರೆ ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ. ಮೊದಲ ಥ್ಯಾಂಕ್ಸ್ ಅದಕ್ಕೇ, ಕಂದಾ.

ಲಾಯದ ಹತ್ತಿರ ನಿಂತಿದ್ದ, ಕುದುರೆ ನೋಡಿಕೊಳ್ಳುವ ಸೈಸ್ ಅಣ್ಣನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಅವರು ತೆಲುಗಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ನಮ್ಮ ಕಡೆ ಮಾತು ನಡೆಯುವುದೇ ಹಾಗೆ. 'ಏನೂ ಮಾಡಲ್ಲಮ್ಮ, ಮುಟ್ಟಿ' ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಅದನ್ನು ನನಗೆ ಎಷ್ಟೋ ಜನ ಹೇಳಿದ್ದಾರೆ, ಯಾರ ಮಾತಿನಿಂದಲೂ ಭಯ ಹೋಗಿಲ್ಲ. ಇವರು ಕುದುರೆಗೆ ಏನು ಕಾಣುತ್ತದೆ ಅಂತ ವಿವರಿಸಿದರು. ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಸುತ್ತಲೂ ಬಹುಪಾಲು ಕಾಣುತ್ತದೆ. ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಹಾಗಾಗಿ ಹಿಂದಿನಿಂದ ಹೋಗಬಾರದು, ಭುಜದ ಕಡೆಯಿಂದ ಮಾತಾಡುತ್ತಾ ಹೋಗಬೇಕು. ಕಿವಿ ಹಿಂದಕ್ಕೆ ಒತ್ತಿಕೊಂಡಿದ್ದರೆ ದೂರವೇ ಇರಬೇಕು. ಆಮೇಲೆ ಒಂದು ಗೆರೆ ತೋರಿಸಿ, 'ಇಲ್ಲಿಂದ ಮುಂದೆ ಬರೋದು ಬಿಡೋದು ನಿಮ್ಮಿಷ್ಟ' ಅಂದರು. ನಾನು ಗೆರೆಯ ಈಚೆಯೇ ನಿಂತೆ. ಅವರಿಗೆ ಅದು ಸಾಕಾಗಿತ್ತು.

ನನ್ನ ಪಕ್ಕ ಕೂತಿದ್ದ ತಾಯಿಗೂ ಋಣಿ. ಅವರ ಮಗನೂ ಸ್ಪರ್ಧೆಯಲ್ಲಿದ್ದ. ಸವಾರರು ಮೊದಲು ನಡೆದೇ ಕೋರ್ಸ್, ಅಂದರೆ ಜಂಪ್‌ಗಳಿರುವ ದಾರಿ, ಅಳೆಯುತ್ತಾರೆ, ಮನುಷ್ಯರ ನಾಲ್ಕು ದೊಡ್ಡ ಹೆಜ್ಜೆ ಅಂದರೆ ಓಟದಲ್ಲಿ ಕುದುರೆಯ ಒಂದು ಹೆಜ್ಜೆ, ಸುಮಾರು 12 ಅಡಿ ಅಂತ ಅವರೇ ಹೇಳಿಕೊಟ್ಟರು. ಪ್ರತಿ ಜಂಪ್ ಅನ್ನೂ ಅದರ ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ ಇರುವಂತೆ ದಾಟಬೇಕು. ಅಡ್ಡ ಇಟ್ಟ ಪೋಲ್ ಬಿದ್ದರೆ ನಾಲ್ಕು ಪೆನಾಲ್ಟಿ ಅಂಕ. ಲೆಕ್ಕ ತಿಳಿದ ಮೇಲೆ ಹೆದರಿಕೆಗೆ ಮನಸ್ಸಿನಲ್ಲಿ ಅಷ್ಟು ಜಾಗ ಉಳಿಯಲಿಲ್ಲ.

ನಮ್ಮ ಹುಡುಗಿಯ ಸರದಿ ಬಂತು. ಡಬಲ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದಿರುವ ಜೋಡಿ ಜಂಪ್‌ನಲ್ಲಿ, ಮೊದಲನೆಯದನ್ನು ದಾಟಿದ ಕುದುರೆ ಎರಡನೆಯದರ ಮುಂದೆ ತಟ್ಟನೆ ನಿಂತುಬಿಟ್ಟಿತು. ನಾನು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡೆ. ಅದಕ್ಕೂ ನಾಲ್ಕು ಪೆನಾಲ್ಟಿ, ಜೊತೆಗೆ ಎರಡೂ ಜಂಪ್ ಮತ್ತೆ ಮಾಡಬೇಕು. ಅವಳು ಚಾಟಿ ಎತ್ತಲಿಲ್ಲ. ಕತ್ತು ತಟ್ಟಿದಳು, ದೊಡ್ಡದಾಗಿ ಒಂದು ಸುತ್ತು ತಿರುಗಿಸಿದಳು, ನಿಧಾನವಾಗಿ ತಂದಳು. ಎರಡೂ ದಾಟಿತು. ಆ ಮೈದಾನದಲ್ಲಿ ಯಾರೂ ಹೆದರಿಕೆಯನ್ನು ಗದರಿಸಲಿಲ್ಲ. ಕುದುರೆಯದನ್ನೂ, ನನ್ನದನ್ನೂ.

ಅವಳಿಗೆ ಪದಕ ಬರಲಿಲ್ಲ. ನನಗಂತೂ ಅವಳ ಮೇಲೆ ಹೆಮ್ಮೆ ಜಾಸ್ತಿಯೇ ಆಗಿದೆ. ಇಷ್ಟು ತಾಳ್ಮೆ ಕಲಿಸಿದ ಅವಳ ಕೋಚ್ ಮೇಡಂಗೆ ಕೈಮುಗಿದು ನಮಸ್ಕಾರ. ಬಿಸಿಲಲ್ಲಿ ಓಡಾಡಿ ಬಿದ್ದ ಪೋಲ್‌ಗಳನ್ನು ಮತ್ತೆ ಮತ್ತೆ ಎತ್ತಿಟ್ಟ ಹುಡುಗರಿಗೂ ನಮಸ್ಕಾರ. ಅವರ ಹೆಸರನ್ನು ಮೈಕ್‌ನಲ್ಲಿ ಯಾರೂ ಹೇಳಲಿಲ್ಲ, ಹೇಳಬೇಕಿತ್ತು.

ಮುಂದಿನ ಸ್ಪರ್ಧೆಗೂ ಹೋಗುತ್ತೇನೆ. ಹೊಸೂರು, ಬಾಗಲೂರು ಕಡೆಯಿಂದ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೇ, ನಮ್ಮ ಕಾರಿನಲ್ಲಿ ಜಾಗ ಇದೆ. ಕುದುರೆ ಕಂಡರೆ ಹೆದರುವವರಿದ್ದರೂ ಬನ್ನಿ, ನನ್ನ ಪಕ್ಕ ಕೂರೋಣ.