ಕೈಯಿಂದ ತಿರುಗಿಸುವ ಯಂತ್ರಕ್ಕೆ ಕಾರ್ಖಾನೆಯ ವೇಗ ಸಲ್ಲದು

ಮಾನ್ಯ ಸಂಪಾದಕರೇ,

ಮನೆಯಲ್ಲೇ ಚಿಕ್ಕ ಮಿಲ್ಲಿಂಗ್ ಯಂತ್ರ (ತಿರುಗುವ ಹಲ್ಲಿನ ಕಟ್ಟರಿನಿಂದ ಲೋಹ ಕತ್ತರಿಸುವ ಯಂತ್ರ) ಇಟ್ಟುಕೊಂಡು ಉಕ್ಕಿನ ಕೆಲಸ ಮಾಡುವ ಹವ್ಯಾಸಿಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಆದರೆ ಮೈಲ್ಡ್ ಸ್ಟೀಲಿಗೆ (ಸಾಧಾರಣ ಮೆದು ಉಕ್ಕಿಗೆ) ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ ಎಂಡ್ ಮಿಲ್ ಕಟ್ಟರ್ ಹಾಕಿ, ಕಟಿಂಗ್ ಸ್ಪೀಡನ್ನು (ಕಟ್ಟರಿನ ಅಂಚು ಓಡುವ ವೇಗವನ್ನು) ನಿಮಿಷಕ್ಕೆ 100 ಮೀಟರ್ ಇಡಬೇಕೆಂದು ಅದರಲ್ಲಿ ಹೇಳಿರುವುದು ಕೈಯಿಂದ ಫೀಡ್ ಕೊಡುವ, ಅಂದರೆ ಉಕ್ಕನ್ನು ಹಿಡಿದ ಟೇಬಲನ್ನು ಕೈಯಿಂದಲೇ ಸರಿಸುವ ಯಂತ್ರಗಳಿಗೆ ಒಪ್ಪುವ ಮಾತಲ್ಲ. ಅಂಕಿಯೇನೋ ತಪ್ಪಲ್ಲ; ಕಂಪ್ಯೂಟರ್ ನಡೆಸುವ ಯಂತ್ರಗಳಿರುವ ಪೀಣ್ಯದ ಸಿಎನ್‌ಸಿ ಶೆಡ್ಡುಗಳಲ್ಲಿ ಅದು ಸಾಧಾರಣ ವೇಗವೇ. ಅಲ್ಲಿಯ ಅಂಕಿಯನ್ನು ಮನೆಯ ಯಂತ್ರಕ್ಕೆ ಹಾಗೆಯೇ ತಂದು ಹಚ್ಚುವುದರಲ್ಲಿ ತೊಡಕಿದೆ.

ಕಟಿಂಗ್ ಸ್ಪೀಡನ್ನು 318ರಿಂದ ಗುಣಿಸಿ, ಬಂದದ್ದನ್ನು ಕಟ್ಟರಿನ ವ್ಯಾಸದ ಮಿಲಿಮೀಟರುಗಳಿಂದ ಭಾಗಿಸಿದರೆ ಕಟ್ಟರ್ ಹಿಡಿದ ಸ್ಪಿಂಡಲು ನಿಮಿಷಕ್ಕೆ ಎಷ್ಟು ಸುತ್ತಬೇಕೆಂಬ ಲೆಕ್ಕ, ಅಂದರೆ ಆರ್‌ಪಿಎಂ ಸಿಗುತ್ತದೆ. 10 ಮಿ.ಮೀ. ಕಟ್ಟರಿಗೆ ಲೇಖನ ಹೇಳಿದ ವೇಗ ಇಟ್ಟರೆ 3180 ಆರ್‌ಪಿಎಂ ಬೇಕು. ಮೇಜಿನ ಮೇಲೆ ಕೂರುವ ಎಷ್ಟೋ ಯಂತ್ರಗಳು ಅಷ್ಟು ತಿರುಗುವುದೇ ಇಲ್ಲ. ತಿರುಗಿದರೂ, ನಾಲ್ಕು ಹಲ್ಲಿನ ಆ ಕಟ್ಟರಿಗೆ ಹಲ್ಲೊಂದಕ್ಕೆ 0.05 ಮಿ.ಮೀ. ಉಕ್ಕು ಸಿಗಬೇಕಾದರೆ ಟೇಬಲ್ ನಿಮಿಷಕ್ಕೆ 636 ಮಿ.ಮೀ. ಸರಿಯಬೇಕು. ಟೇಬಲಿನ ಸ್ಕ್ರೂ ಸುತ್ತಿಗೆ 2 ಮಿ.ಮೀ. ಸರಿಸುವ, ಅಂದರೆ 2 ಮಿ.ಮೀ. ಪಿಚ್‌ನದಾದರೆ ಹ್ಯಾಂಡ್‌ವೀಲನ್ನು ಸೆಕೆಂಡಿಗೆ ಐದು ಸುತ್ತಿಗೂ ಹೆಚ್ಚು ತಿರುಗಿಸುತ್ತಲೇ ಇರಬೇಕಾಗುತ್ತದೆ! ನಮ್ಮ ಕೈ ಸಮಾಧಾನವಾಗಿ ತಿರುಗಿಸುವುದು ಸೆಕೆಂಡಿಗೆ ಒಂದು ಸುತ್ತು. ಆಗ ಪ್ರತಿ ಹಲ್ಲಿಗೆ ದಕ್ಕುವುದು 0.01 ಮಿ.ಮೀ.ಗಿಂತಲೂ ಕಡಿಮೆ. ಇಷ್ಟು ತೆಳುವಾದ ಪದರವನ್ನು ಹಲ್ಲಿನ ಅಂಚು ಸರಿಯಾಗಿ ಕಚ್ಚಲಾರದೆ ಉಕ್ಕಿನ ಮೇಲೆ ಉಜ್ಜುತ್ತದೆ, ಬಿಸಿಯಾಗುತ್ತದೆ, ಯಂತ್ರ ಕಿರುಗುಟ್ಟುತ್ತದೆ. ಹೆದರಿದ ಹವ್ಯಾಸಿ ಫೀಡನ್ನು ಇನ್ನೂ ತಗ್ಗಿಸುತ್ತಾನೆ, ಉಜ್ಜುವಿಕೆ ಇನ್ನೂ ಹೆಚ್ಚುತ್ತದೆ. ಇದರ ಜೊತೆಗೆ ಯಂತ್ರ ಅದುರಿದರೆ ಕಾರ್ಬೈಡಿನ ಅಂಚು ಚಕ್ಕೆಯೇಳುವುದೂ ಉಂಟು.

ಅದೇ ಅಳತೆಯ ಹೈ ಸ್ಪೀಡ್ ಸ್ಟೀಲ್ ಎಂಬ ಟೂಲ್ ಉಕ್ಕಿನ, ಅಂದರೆ ಎಚ್‌ಎಸ್‌ಎಸ್ ಕಟ್ಟರನ್ನು ನಿಮಿಷಕ್ಕೆ 25 ಮೀಟರಿನಲ್ಲಿ, ಅಂದರೆ ಸುಮಾರು 800 ಆರ್‌ಪಿಎಂನಲ್ಲಿ ಓಡಿಸಿ, ಸೆಕೆಂಡಿಗೆ ಒಂದು ಸುತ್ತಿನಂತೆಯೇ ಫೀಡ್ ಕೊಟ್ಟು ನೋಡಲಿ: ಹಲ್ಲಿಗೆ ಸುಮಾರು 0.04 ಮಿ.ಮೀ. ಬೀಳುತ್ತದೆ, ಕಟ್ಟರ್ ನಿಜವಾಗಿ ಕತ್ತರಿಸುತ್ತದೆ. ಸ್ಲಾಟ್ (ಉದ್ದನೆಯ ಕಾಲುವೆ) ಹೊಡೆಯುವಾಗ ಎರಡು ಹಲ್ಲಿನದೇ ಮೇಲು, ಚಿಪ್ಸ್ (ಕತ್ತರಿಸಿದ ಉಕ್ಕಿನ ಚೂರುಗಳು) ಹೊರಬೀಳಲು ಜಾಗವಿರುತ್ತದೆ. ಹೀಗಾಗಿ ಮನೆಯಲ್ಲಿ ವೇಗವನ್ನು ಆರಿಸುವವರು ಮೊದಲು ತಮ್ಮ ಕೈ ಟೇಬಲನ್ನು ಎಷ್ಟು ಸಮವಾಗಿ ಸರಿಸಬಲ್ಲುದೆಂದು ಅಳೆದು, ಅಲ್ಲಿಂದ ಹಿಂದಕ್ಕೆ ಆರ್‌ಪಿಎಂಗೆ ಬರುವುದು ಸರಿಯೆಂದು ನನ್ನ ಅಭಿಪ್ರಾಯ. ಪವರ್ ಫೀಡ್ (ಟೇಬಲನ್ನು ಮೋಟರೇ ಸರಿಸುವ ಏರ್ಪಾಡು) ಇದ್ದವರ ಮಾತು ಬೇರೆ.

ಇಷ್ಟಾದರೂ ಎಚ್‌ಎಸ್‌ಎಸ್ ಕಟ್ಟರಿನ ಆಯುಷ್ಯ ವೇಗಕ್ಕೆ ಎಷ್ಟು ಸೂಕ್ಷ್ಮವಾದದ್ದೆಂಬುದನ್ನು ಮರೆಯುವಂತಿಲ್ಲ. ಅಮೆರಿಕದ ಎಂಜಿನಿಯರ್ ಫ್ರೆಡ್ರಿಕ್ ಟೇಲರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕೊಟ್ಟ ಸೂತ್ರದಂತೆ ಲೆಕ್ಕ ಹಾಕಿದರೆ, ವೇಗವನ್ನು ಶೇ 10ರಷ್ಟು ಏರಿಸಿದರೆ ಸಾಕು, ಟೂಲಿನ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅನುಮಾನವಿದ್ದಾಗ ಒಂದು ಮೆಟ್ಟಿಲು ಕಡಿಮೆ ವೇಗದ ಪುಲ್ಲಿಗೇ ಬೆಲ್ಟ್ ಹಾಕುವುದು ಲೇಸು. ಚಿಪ್ಸ್ ಬೆಳ್ಳಗೆ ಅಥವಾ ತಿಳಿ ಹಳದಿಯಾಗಿ ಬಂದರೆ ಸರಿ. ಎಚ್‌ಎಸ್‌ಎಸ್ ಟೂಲಿನಿಂದ ನೀಲಿ ಚಿಪ್ಸ್ ಬರತೊಡಗಿದರೆ ವೇಗ ಮಿತಿ ಮೀರಿದೆಯೆಂದೇ ತಿಳಿಯಬೇಕು. ಕಟಿಂಗ್ ಆಯಿಲನ್ನು ಬ್ರಷ್ಷಿನಿಂದ ಹಚ್ಚುವವರು ಹಲ್ಲುಗಳು ಜಾಬಿನಿಂದ (ಕತ್ತರಿಸುತ್ತಿರುವ ತುಂಡಿನಿಂದ) ಹೊರಬರುವ ಕಡೆಯಿಂದಲೇ ಹಚ್ಚಬೇಕು, ಇಲ್ಲವಾದರೆ ಕಟ್ಟರ್ ಬ್ರಷ್ಷನ್ನು ಎಳೆದುಕೊಳ್ಳುತ್ತದೆ. ಕೈಗವಸಂತೂ ಕೂಡದು.

ಲೇಖನ ಪ್ರಸ್ತಾಪಿಸದ ಇನ್ನೊಂದು ಸಂಗತಿಯೆಂದರೆ ನಮ್ಮಲ್ಲಿ ಎಷ್ಟೋ ಹವ್ಯಾಸಿಗಳ ಉಕ್ಕು ಗುಜರಿಯಿಂದ ಬರುತ್ತದೆ. ಹಳೆಯ ಶಾಫ್ಟ್, ಆಕ್ಸಲ್ ತುಂಡುಗಳು ಮೈಲ್ಡ್ ಸ್ಟೀಲ್ ಆಗಿರುವುದು ಅಪರೂಪ. ಮೈಲ್ಡ್ ಸ್ಟೀಲಿಗಿಂತ ಗಟ್ಟಿಯಾದ ಇಎನ್8 ಎಂಬ ಉಕ್ಕಿಗೆ ನಿಮಿಷಕ್ಕೆ 20 ಮೀಟರ್, ಇನ್ನೂ ಗಟ್ಟಿಯಾದ ಇಎನ್24ಕ್ಕೆ 15 ಮೀಟರ್ ಎಂದಿಟ್ಟುಕೊಳ್ಳಬಹುದಾದರೂ, ಗುಜರಿಯ ತುಂಡಿನ ಮೇಲೆ ಹೆಸರು ಬರೆದಿರುವುದಿಲ್ಲವಲ್ಲ! ಅಂಥದರ ಮೂಲೆಗೆ ಮೊದಲು ಹೊಸ ಅರವನ್ನು ಹಾಕಿ ನೋಡಬೇಕು. ಅರ ಜಾರಿದರೆ ಆ ತುಂಡು ಹಾರ್ಡನ್ ಆಗಿದೆ, ಅಂದರೆ ಅದನ್ನು ಗಟ್ಟಿಗೊಳಿಸಲಾಗಿದೆಯೆಂದೇ ಅರ್ಥ, ಯಾವ ವೇಗದಲ್ಲೂ ಎಚ್‌ಎಸ್‌ಎಸ್ ಅದನ್ನು ಕತ್ತರಿಸಲಾರದು. ಅರ ಹಿಡಿದರೆ 15 ಮೀಟರಿನಿಂದ ಆರಂಭಿಸಿ, ಚಿಪ್ಸಿನ ಬಣ್ಣ ನೋಡುತ್ತ ಏರಿಸಬಹುದು. ಲೇಖಕರು ಈ ವಿಷಯದ ಬಗ್ಗೆ ಮತ್ತೆ ಬರೆಯುವುದಾದರೆ, ಕೈ ಫೀಡಿಗೆ ಹೊಂದುವ ಪಟ್ಟಿಯೊಂದನ್ನು ಬೇರೆಯಾಗಿಯೇ ಕೊಡಬೇಕೆಂದು ತಮ್ಮ ಮೂಲಕ ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ, ಬೆಂಗಳೂರು