ನನ್ನ ಮೇಲೂ ಸಿಟ್ಟು ಮಾಡಿಕೋ, ಪುಟ್ಟಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಊಟ ಆಯ್ತಾ, ಸೊಂಟನೋವು ಹೇಗಿದೆ ಅಂತ. ನಿನಗೇ ಜ್ವರ ಬಂದು ಮಲಗಿದ್ದೆ ಅನ್ನೋದು ಹಾಸ್ಟೆಲ್ ವಾರ್ಡನ್ ಹೇಳಿದ ಮೇಲೆ ಗೊತ್ತಾಯಿತು. ಫೋನ್ ಇಡುವಾಗ ‘ಪಿಯುಸಿ ಮುಗಿಸಿ ಶಿವಮೊಗ್ಗದಲ್ಲೇ ಎಲ್ಲಾದರೂ ಕೆಲಸಕ್ಕೆ ಸೇರ್ತೀನಿ, ನಿಂಗೆ ಕಷ್ಟ ಬೇಡ’ ಅಂದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯೋದಿಲ್ಲ ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ಊರಲ್ಲಿ ಎಲ್ಲರೂ ನಿನ್ನನ್ನು ಹೊಗಳುತ್ತಾರೆ. ಎಷ್ಟು ಜವಾಬ್ದಾರಿ ಹುಡುಗಿ, ಅಮ್ಮನಿಗೆ ಒಂದು ದಿನ ತೊಂದರೆ ಕೊಟ್ಟವಳಲ್ಲ ಅಂತ. ಕೇಳಿದಾಗ ಹೆಮ್ಮೆ ಆಗೋದು ನಿಜ. ಆದರೆ ಅಂಗನವಾಡಿಯಲ್ಲಿ ಇಷ್ಟು ವರ್ಷ ಮಕ್ಕಳ ಜೊತೆ ಇದ್ದವಳು ನಾನು. ಸೆರಗು ಹಿಡಿದು ರಂಪ ಮಾಡುವ ಮಗುವಿನ ಬಗ್ಗೆ ನನಗೆ ಚಿಂತೆ ಇಲ್ಲ. ಸ್ವಲ್ಪ ಹೊತ್ತು ಅತ್ತು ಆಟಕ್ಕೆ ಹೋಗುತ್ತದೆ. ಅಳದೆ, ಹಟ ಮಾಡದೆ, ಸುಮ್ನೆ ಮೂಲೆಯಲ್ಲಿ ಕೂತು ದೊಡ್ಡವರ ಮುಖ ನೋಡುವ ಮಗು ಇರುತ್ತಲ್ಲ, ನಾನು ಹೋಗಿ ಕೂರುವುದು ಅದರ ಪಕ್ಕ.

ನಿನ್ನಪ್ಪ ಮನೆ ಬಿಟ್ಟು ಹೋದಾಗ ನಿನಗೆ ಏಳು ವರ್ಷ. ಯಾರಾದರೂ ತೀರಿಕೊಂಡರೆ ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ ಅಂತ ಇರುತ್ತದೆ. ನೆಂಟರು ಬರುತ್ತಾರೆ, ಎದುರಿಗೆ ಕೂತು ಅಳುತ್ತಾರೆ. ಮಗುವಿಗೂ ಅಳೋದಕ್ಕೆ ಒಂದು ಜಾಗ ಸಿಗುತ್ತದೆ. ಬದುಕಿದ್ದೂ ಮನೆಗೆ ಬಾರದವರಿಗೆ ಅಂಥದ್ದೇನೂ ಇಲ್ಲ. ನಮ್ಮನೆಗೆ ಬಂದವರೆಲ್ಲ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡಿ ಹೋದರು. ನೀನು ಜಗಲಿಯಲ್ಲಿ ಕೂತು ಎಲ್ಲಾ ಕೇಳಿಸಿಕೊಂಡೆ.

ನಮ್ಮ ಮಲೆನಾಡಿನ ಮನೆಗಳೂ ಹಾಗೇ ಅಲ್ವಾ? ಬಾಗಿಲು ತೆಗೆದರೆ ಎದುರಿಗೆ ಇನ್ನೊಬ್ಬರ ಬಾಗಿಲು ಇರೋದಿಲ್ಲ. ತೋಟದ ತಲೆಗೆ ಒಂಟಿ ಮನೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೂ ಮಳೆ. ಕೆಳಮನೆಗೆ ಹೋಗಬೇಕಾದರೂ ಹಳ್ಳ ದಾಟಬೇಕು. ಜುಲೈಯಲ್ಲಿ ಮಳೆ ರಜೆ ಕೊಟ್ಟಾಗಲಂತೂ ಕರೆಂಟಿಲ್ಲದ ಮನೆಯಲ್ಲಿ ನೀನು, ನಾನು ಇಬ್ಬರೇ. ಜಗಳ ಆಡೋದಕ್ಕೆ, ಮತ್ತೆ ರಾಜಿ ಆಗೋದಕ್ಕೆ ಇನ್ನೊಂದು ಮಗು ಇರಲಿಲ್ಲ. ನಿನಗೆ ಕಾಣುತ್ತಿದ್ದುದು ನನ್ನ ಮುಖ ಒಂದೇ. ನನ್ನ ಹುಬ್ಬು ಗಂಟಾದರೆ ನಿನ್ನ ಆಟ ನಿಲ್ಲುತ್ತಿತ್ತು.

ಕೊಯ್ಲಿನ ಕಾಲದಲ್ಲಿ ರಾತ್ರಿ ದೊಡ್ಡಮನೆಗೆ ಅಡಿಕೆ ಸುಲಿಯಲು ಹೋಗುವಾಗ ನೀನೂ ಬರುತ್ತಿದ್ದೆ. ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಹೆಂಗಸರು. ನೀನು ನನ್ನ ಬೆನ್ನಿಗೆ ಒರಗಿ ಕೂತು, ಸಿಪ್ಪೆ ರಾಶಿಗೆ ಬಿದ್ದ ಅಡಿಕೆ ಆರಿಸಿ ಬುಟ್ಟಿಗೆ ಹಾಕುತ್ತಿದ್ದೆ. ಯಾರೋ ‘ನಿನ್ನಪ್ಪ ಯಾವಾಗ ಬರ್ತಾನೆ ಕೂಸೇ’ ಅಂದರು. ನೀನು ತಿರುಗಿ ಮೊದಲು ನೋಡಿದ್ದು ನನ್ನನ್ನು. ನನ್ನ ಕೈ ನಿಂತಿತ್ತು. ‘ಅಪ್ಪಂಗೆ ಕೆಲಸ ಜಾಸ್ತಿ’ ಅಂತ ನಗುನಗುತ್ತಾ ಹೇಳಿ ಮತ್ತೆ ಅಡಿಕೆ ಆರಿಸಿದೆ. ಎಲ್ಲರೂ ಜಾಣೆ ಅಂದರು. ಏಳು ವರ್ಷದ ಕೂಸು ಅವತ್ತು ನನ್ನ ಮಾನ ಕಾಯಿತು, ಪುಟ್ಟಿ. ಆ ಕೆಲಸ ನಿನ್ನದಾಗಿರಲಿಲ್ಲ.

ಅದೇ ವರ್ಷ ನಿನ್ನ ಹೊಟ್ಟೆನೋವು ಶುರುವಾಯಿತು. ಸ್ಕೂಲಿಗೆ ಹೊರಡುವ ಹೊತ್ತಿಗೇ ಬರುತ್ತಿತ್ತು. ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ‘ಹೊಟ್ಟೆ ಸರಿ ಇದೆ. ಆದರೆ ಇವಳು ಸುಳ್ಳು ಹೇಳ್ತಿಲ್ಲ, ಬೈಯಬೇಡಿ’ ಅಂದರು. ದುಃಖ ಹೇಳಿಕೊಳ್ಳೋದಕ್ಕೆ ಮಾತು ಸಿಗದ ಮಕ್ಕಳಿಗೆ ಅದು ಹೊಟ್ಟೆನೋವು, ತಲೆನೋವು ಆಗಿ ಬರುತ್ತದೆ. ಕೆಲವು ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತವೆ. ಮನೆಯಲ್ಲಿ ಏನು ಕೆಟ್ಟರೂ ತನ್ನಿಂದಲೇ ಅಂದುಕೊಳ್ಳುವ ವಯಸ್ಸು ಅದು. ಒಂದು ರಾತ್ರಿ ಕಂಬಳಿಯೊಳಗಿಂದ ‘ನಾನು ಅಪ್ಪನ ರೇಡಿಯೋ ಬೀಳಿಸಿದ್ದಕ್ಕೆ ಹೋಗಿದ್ದಾ?’ ಅಂತ ಕೇಳಿದ್ದೆ. ಅವತ್ತು ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ. ಅಲ್ಲ. ಅದು ನಮ್ಮಿಬ್ಬರು ದೊಡ್ಡವರ ನಡುವಿನ ವಿಷಯ. ನಿನ್ನದು ಅದರಲ್ಲಿ ಎಳ್ಳಷ್ಟೂ ಇಲ್ಲ.

ಅಪ್ಪ ಇಲ್ಲದ ಮಕ್ಕಳು ಕೈತಪ್ಪಿ ಹೋಗ್ತಾರೆ ಅಂತ ಜನ ಹೇಳಿದ್ದನ್ನು ನೀನು ಎಷ್ಟು ಸಲ ಕೇಳಿದ್ದೀಯೋ. ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರಿಗೆ 40 ವರ್ಷ ಆಗುವವರೆಗೂ ಗಮನಿಸಿದರು. ಬಡತನ, ಮನೆಜಗಳ, ಒಡೆದ ಸಂಸಾರ ಎಲ್ಲಾ ಸೇರಿ ಕಷ್ಟದಲ್ಲೇ ಬೆಳೆದ ಮಕ್ಕಳಲ್ಲೂ ಮೂರರಲ್ಲಿ ಒಬ್ಬರು ಚೆನ್ನಾಗಿ ತಲೆಯೆತ್ತಿ ನಿಂತರು. ಹದಿವಯಸ್ಸಿನಲ್ಲಿ ಎಡವಿದವರಲ್ಲೂ ಹೆಚ್ಚಿನವರು ದೊಡ್ಡವರಾದ ಮೇಲೆ ಸರಿಹೋದರು. ಚೆನ್ನಾಗಿ ಬೆಳೆದವರಿಗೆಲ್ಲ ಬಿಟ್ಟುಹೋಗದ ಒಬ್ಬ ದೊಡ್ಡವರಾದರೂ ಇದ್ದರು. ಅಪ್ಪ ಅಮ್ಮನೇ ಆಗಬೇಕು ಅಂತಿರಲಿಲ್ಲ. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ ಆಗಿದ್ದರೂ ನಡೆಯುತ್ತಿತ್ತು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ಕೆಳಮನೆ ಅಜ್ಜಿ. ನೀನು ಹಳ್ಳ ದಾಟಿ ಅವರ ಮನೆಗೆ ಹೋಗಿ ಅಳುತ್ತಿದ್ದೆ, ನನ್ನನ್ನೂ ಬೈಯುತ್ತಿದ್ದೆ ಅಂತ ಅವರು ಎಷ್ಟೋ ವರ್ಷ ಆದ ಮೇಲೆ ಹೇಳಿದರು. ಬೇಜಾರಾಗಲಿಲ್ಲ. ಸದ್ಯ, ಎಲ್ಲೋ ಒಂದು ಕಡೆ ಬಾಯಿಬಿಟ್ಟು ಅತ್ತಿದ್ದಾಳಲ್ಲ ಅಂತ ಹೊಟ್ಟೆ ತಣ್ಣಗಾಯಿತು.

ಈಗ ಅಲ್ಲಿ ನಿನಗೆ ಅಂಥವರು ಯಾರಿದ್ದಾರೆ? ರೂಮಿನ ಹುಡುಗಿಯರ ಹತ್ತಿರ ಹೇಳಿಕೋ. ಗೊತ್ತಿದ್ದವರ ಹತ್ತಿರ ಹೇಳಲು ಸಂಕೋಚ ಆದರೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಮನಸ್ಸು ಭಾರ ಆದವರಿಗೆಲ್ಲ ಅದು ಇರೋದು.

ನನಗೂ ಹೇಳು. ಸಿಟ್ಟು ಬಂದರೆ ಫೋನಿನಲ್ಲೇ ಕೂಗಾಡು. ನಾನು ಒಡೆದುಹೋಗೋದಿಲ್ಲ. ನನ್ನ ಸೊಂಟ, ಮನೆಯ ಸಾಲ, ಈ ಸಲದ ಅಡಿಕೆ ಕೊಳೆರೋಗ ಎಲ್ಲಾ ನಾನು ನೋಡಿಕೊಳ್ಳುತ್ತೇನೆ. ನನ್ನ ಕಷ್ಟ ಹೇಳಿಕೊಳ್ಳೋದಕ್ಕೆ ಸಂಘದ ಹೆಂಗಸರಿದ್ದಾರೆ, ನಿನ್ನ ಮಾವ ಇದ್ದಾನೆ.

ಇನ್ನೊಂದು ಮಾತು. ಅಪ್ಪನ ನಂಬರ್ ನಿನ್ನ ಹತ್ತಿರ ಇದೆ ಅಂತ ನನಗೆ ಗೊತ್ತು. ಮಾತಾಡಬೇಕು ಅನ್ನಿಸಿದರೆ ಮಾತಾಡು. ಅಮ್ಮನಿಗೆ ಬೇಜಾರಾಗುತ್ತೆ ಅಂತ ಮುಚ್ಚಿಡಬೇಡ. ಬೇಜಾರು ಆಗಬಹುದು, ಅದು ನನಗಿರಲಿ. ಅವನನ್ನು ನೆನೆಸಿಕೊಂಡರೆ ನನಗೆ ಮೋಸ ಮಾಡಿದ ಹಾಗೆ ಅಂತ ಮಾತ್ರ ಅಂದುಕೊಳ್ಳಬೇಡ.

ಭಾನುವಾರ ಬರುತ್ತೇನೆ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ತೀರ್ಥಹಳ್ಳಿಯಿಂದ ಸರ್ಕಾರಿ ಬಸ್ ಸಿಕ್ಕರೆ ಟಿಕೆಟ್ ದುಡ್ಡೂ ಉಳಿಯುತ್ತದೆ. ಯಾವ ಕಾಲೇಜಿನಲ್ಲಿ ಯಾವ ಡಿಗ್ರಿ ಇದೆ, ಫೀಸು ಎಷ್ಟು, ಸ್ಕಾಲರ್‌ಶಿಪ್‌ಗೆ ಯಾವಾಗ ಅರ್ಜಿ ಹಾಕಬೇಕು ಅಂತ ನಿನ್ನ ಲೆಕ್ಚರರ್ ಹತ್ತಿರ ಕೇಳಿ ಬರೆದಿಟ್ಟುಕೋ. ಕೆಲಸದ ವಿಷಯ ಆಮೇಲೆ.

ನಿನ್ನ
ಅಮ್ಮ