ಒಬ್ಬನೇ ಸಾಕ್ಷಿ

ಪ್ರಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ಮಾತನಾಡುತ್ತಿದ್ದಾಗ ನಮ್ಮ ಮನೆಯ ಮೇಲೆ ಹಾದುಹೋದ ಗುಡುಗಿನಂಥ ಸದ್ದು ಏನೆಂದು ಕೇಳಿದ್ದೆಯಲ್ಲ, ಅದು ಎರಡನೆಯ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್. 1988ರಲ್ಲಿ ಮತ್ತೆ ಹಾರಲು ಸಜ್ಜಾದ ಈ ವಿಮಾನವನ್ನು ಇಲ್ಲಿ, ಕೆನಡಾದ ಹ್ಯಾಮಿಲ್ಟನ್ನಿನ ವಿಮಾನ ಸಂಗ್ರಹಾಲಯದಲ್ಲಿ, ಆಂಡ್ರ್ಯೂ ಮೈನಾರ್ಸ್ಕಿ ಎಂಬ ಗನ್ನರನ ನೆನಪಿಗಾಗಿ ಉಳಿಸಿಕೊಂಡಿದ್ದಾರೆ. ಅವನ ಕಥೆಯನ್ನು ಅಂದು ಎರಡು ಮಾತಿನಲ್ಲಿ ಮುಗಿಸಿಬಿಟ್ಟೆನೆಂಬ ಕೊರಗಿನಿಂದ ಈ ಪತ್ರ.

ಪೋಲೆಂಡಿನಿಂದ ವಲಸೆ ಬಂದವರ ಮಗನಾದ ಆಂಡ್ರ್ಯೂ, ಅಂದರೆ ಆಂಡಿ, 1916ರಲ್ಲಿ ವಿನ್ನಿಪೆಗ್‌ನಲ್ಲಿ ಹುಟ್ಟಿದ. ಹದಿಹರೆಯದಲ್ಲೇ ತಂದೆ ತೀರಿಕೊಂಡದ್ದರಿಂದ ಚರ್ಮ ಕತ್ತರಿಸುವ ಕೆಲಸಕ್ಕೆ ಸೇರಿ ಮನೆಗೆ ಆಸರೆಯಾದ. 1941ರಲ್ಲಿ ಕೆನಡಾದ ವಾಯುಪಡೆ ಸೇರಿದ. ಏಳು ಜನರ ತಂಡದಲ್ಲಿ ವಿಮಾನದ ಬೆನ್ನಿನ ಮೇಲೆ ಗನ್ನರ್ ಕೂರುವ ಗಾಜಿನ ಗೂಡು ಅವನದು, ಬಾಲದ ತುದಿಯ ಗೂಡು ಪ್ಯಾಟ್ ಬ್ರೋಫಿಯದು. ಇಬ್ಬರೂ ಆಪ್ತರು. ಬ್ರೋಫಿ ಅಧಿಕಾರಿಯ ದರ್ಜೆಗೆ ಏರಿದ್ದ; ಆದ್ದರಿಂದ ರಾತ್ರಿ ಬೀಳ್ಕೊಡುವಾಗಲೆಲ್ಲ ಆಂಡಿ ತಮಾಷೆಗೆ ಸೆಟೆದು ನಿಂತು ಸಲ್ಯೂಟ್ ಹೊಡೆದು "ಗುಡ್ ನೈಟ್, ಸರ್" ಅನ್ನುತ್ತಿದ್ದನಂತೆ.

1944ರ ಜೂನ್ 12ರ ರಾತ್ರಿ, ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ಒಂದು ವಾರವೂ ಆಗಿರಲಿಲ್ಲ. ಫ್ರಾನ್ಸಿನ ಕಾಂಬ್ರೇ ಪಟ್ಟಣದ ರೈಲ್ವೆ ಯಾರ್ಡಿನ ಮೇಲೆ ಬಾಂಬು ಹಾಕುವುದು ಆ ದಿನದ ಕೆಲಸ. ಹೊರಡುವ ಮುನ್ನ ಹುಲ್ಲಿನ ಮೇಲೆ ಕುಳಿತಿದ್ದಾಗ ಆಂಡಿಗೆ ನಾಲ್ಕೆಲೆಯ ಕ್ಲೋವರ್ ಸಿಕ್ಕಿತು. ನಮ್ಮ ಬಿಲ್ವದಂತೆ ಅದಕ್ಕೂ ಮೂರೇ ಎಲೆ ಸಾಮಾನ್ಯ, ನಾಲ್ಕು ಸಿಕ್ಕರೆ ಅದೃಷ್ಟವೆಂದು ಇಲ್ಲಿನವರ ನಂಬಿಕೆ. ಅವನು ಅದನ್ನು ಬ್ರೋಫಿಗೆ ಕೊಟ್ಟುಬಿಟ್ಟ.

ಗುರಿ ಮುಟ್ಟುವ ಮೊದಲೇ ಜರ್ಮನಿಯ ಯುದ್ಧವಿಮಾನವೊಂದು ಎರಗಿ, ಎಡಬದಿಯ ಎರಡೂ ಎಂಜಿನ್ನುಗಳು ನಿಂತವು. ಎರಡು ಗೂಡುಗಳ ನಡುವೆ ಬೆಂಕಿ ಹತ್ತಿತು. ಪ್ಯಾರಾಚೂಟಿನಿಂದ ಹೊರಗೆ ಹಾರಲು ಆಜ್ಞೆಯಾದಾಗ ಆಂಡಿ ಹಿಂಬಾಗಿಲಿಗೆ ಬಂದ. ಆದರೆ ಎಂಜಿನ್ ನಿಂತೊಡನೆ ಬಾಲದ ಗೂಡನ್ನು ತಿರುಗಿಸುವ ಹೈಡ್ರಾಲಿಕ್ ಯಂತ್ರವೂ ಸತ್ತಿತ್ತು, ಕೈಯಿಂದ ತಿರುಗಿಸುವ ಸಾಧನವೂ ಮುರಿದು, ಬ್ರೋಫಿ ಒಳಗೆ ಸಿಕ್ಕಿಬಿದ್ದಿದ್ದ. ಅದನ್ನು ಕಂಡವನೇ ಆಂಡಿ ಹೊರಗೆ ಹಾರದೆ ಉರಿಯೊಳಗೆ ಅಂಬೆಗಾಲಿಟ್ಟು ಹೋಗಿ, ಕೊಡಲಿಯಿಂದ ಬಡಿದ, ಬರಿಗೈಯಿಂದ ಎಳೆದ. ಅಷ್ಟರಲ್ಲಿ ಅವನ ಬಟ್ಟೆಗೂ ಪ್ಯಾರಾಚೂಟಿಗೂ ಬೆಂಕಿ ಹತ್ತಿತ್ತು. ಬ್ರೋಫಿ ಕೈಸನ್ನೆ ಮಾಡಿ, ಹೋಗು, ಹೋಗು ಎಂದು ಅಂಗಲಾಚಿದ ಮೇಲೆ ಹಿಂದೆ ಸರಿದ. ಬಾಗಿಲ ಬಳಿ ಉರಿಯುವ ಬಟ್ಟೆಯಲ್ಲೇ ನೆಟ್ಟಗೆ ನಿಂತು ಸಲ್ಯೂಟ್ ಮಾಡಿದ; ಆ ಗದ್ದಲದಲ್ಲಿ ದನಿ ಕೇಳದಿದ್ದರೂ ತುಟಿ ಆಡಿದ್ದು ಏನೆಂದು ಬ್ರೋಫಿಗೆ ತಿಳಿದಿತ್ತು.

ಕೆಳಗೆ ಫ್ರೆಂಚ್ ರೈತರ ಕೈಗೆ ಸಿಕ್ಕಿದ ಆಂಡಿ ಸುಟ್ಟಗಾಯಗಳಿಂದ ಸತ್ತ. ಅವನಿಗಿನ್ನೂ 27 ವರ್ಷ. ಇತ್ತ ವಿಮಾನ ಬಾಂಬುಗಳ ಸಮೇತ ನೆಲಕ್ಕಪ್ಪಳಿಸಿದಾಗ ಬಾಲದ ಗೂಡು ಕಿತ್ತು ಬಂದು ಬ್ರೋಫಿ ಹೊರಗೆ ಎಸೆಯಲ್ಪಟ್ಟು ಬದುಕಿಬಿಟ್ಟ! ತಂಡದಲ್ಲಿ ಸತ್ತವನು ಆಂಡಿ ಒಬ್ಬನೇ.

ನನ್ನನ್ನು ಕಾಡುವುದು ಇದೇ. ಸಾಯಲೇಬೇಕಿದ್ದವನು ಬದುಕಿ ಬಂದು ಹೇಳಿದ್ದರಿಂದಲ್ಲವೇ 1946ರಲ್ಲಿ ಮೈನಾರ್ಸ್ಕಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಂದದ್ದು? ಈ ತಂಡವೂ ಸೇರಿದ್ದ ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಮಂದಿ, ಸತ್ತವರು 55,573. ಆ ಕತ್ತಲ ವಿಮಾನಗಳೊಳಗೆ ಇನ್ನೆಷ್ಟು ಜನ ಹೀಗೆ ಬಾಗಿಲಿನಿಂದ ಹಿಂತಿರುಗಿದ್ದರೋ, ಹೇಳುವವರೇ ಉಳಿಯಲಿಲ್ಲ. ಅವರ ಬಾಂಬುಗಳ ಕೆಳಗೆ ಸತ್ತ ಊರಿನವರ ಲೆಕ್ಕ ಬೇರೆಯೇ ಇದೆ. ಅದನ್ನು ಮರೆತು ಇದನ್ನು ಬರೆಯುತ್ತಿಲ್ಲ.

ಮುಂದಿನ ಬೇಸಿಗೆಯಲ್ಲಿ ನೀನು ಬಂದಾಗ ಸಂಗ್ರಹಾಲಯಕ್ಕೆ ಕರೆದೊಯ್ಯುತ್ತೇನೆ. ವಿಮಾನದ ಹಿಂಬಾಗಿಲಿಗೂ ಬಾಲದ ಗೂಡಿಗೂ ನಡುವೆ ಎಷ್ಟು ಕಡಿಮೆ ಜಾಗವಿದೆಯೆಂಬುದನ್ನು ನೀನು ಕಣ್ಣಾರೆ ನೋಡಬೇಕು.

ನಿನ್ನ ಗೆಳೆಯ